ಶಾಲಾ ಬಹಿಷ್ಕಾರವೂ ಕನ್ಯಾಶಾಲೆಯೂ

ನಮ್ಮ ನಾಡಿನ ಸ್ವಾತಂತ್ರ್ಯ ಸಂಗ್ರಾಮದ ಇತಿಹಾಸವನ್ನು ಬರೆದವರು 1920–21ನೆಯ ಇಸವಿಯ ಅಸಹಕಾರ ಪ್ರಕರಣಕ್ಕೆ ಬಂದ ಕೂಡಲೆ, ಸರಕಾರದ ಶಾಲೆ ಕಾಲೇಜುಗಳನ್ನು ತೊರೆದು ಹೊರಬಿದ್ದ ತರುಣರ ತ್ಯಾಗವನ್ನು ಮುಕ್ತಕಂಠದಿಂದ ಕೊಂಡಾಡುವರು. ಅದು ಕೊಂಡಾಡತಕ್ಕದ್ದೇ ಸರಿ. ಆದರೆ ಆ ಪುಟಗಳನ್ನು ಓದುವಾಗ ಒಂದು ಪ್ರಶ್ನೆಯು ಮನಸ್ಸಿನಲ್ಲಿ ಏಳದೆ ಇರದು. ತೊರೆಯಬೇಕಾದರೆ ತೊರೆಯುವ ವಸ್ತುವು ಮೊದಲು ಕೈಯಲ್ಲಿ ಇರಬೇಕಷ್ಟೆ. 1921ರ ಜನಗಣತಿಯ ಕಾಲಕ್ಕೆ ಇಡಿಯ ಭರತಖಂಡದ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಇಬ್ಬರು ಎಂಬಷ್ಟು ಮಾತ್ರವೇ ಇದ್ದರು. ಬೆಟಗೇರಿಯ ನೇಕಾರರ ಓಣಿಯಲ್ಲಿಯೋ ಮುಂಡರಗಿಯ ಎರೆಭೂಮಿಯ ಹಳ್ಳಿಯಲ್ಲಿಯೋ ಹುಟ್ಟಿದ ಹೆಣ್ಣುಮಗಳು ಯಾವ ಶಾಲೆಯನ್ನು ಬಹಿಷ್ಕರಿಸಬೇಕಾಗಿದ್ದಿತು? ಅವಳನ್ನು ಹುಟ್ಟಿದ ದಿನದಿಂದಲೇ ಶಾಲೆಯು ಬಹಿಷ್ಕರಿಸಿದ್ದಿತು.

ಈ ಪ್ರಶ್ನೆಗೆ ತಮ್ಮ ಕೆಲಸದಿಂದ ಉತ್ತರ ಕೊಟ್ಟ ಕೆಲವು ಮಹಿಳೆಯರು ನಮ್ಮ ಈ ಸೀಮೆಯಲ್ಲಿಯೇ ಆಗಿಹೋಗಿದ್ದಾರೆ. ಅವರಲ್ಲಿ ಮುಖ್ಯವಾಗಿ ಹುಬ್ಬಳ್ಳಿಯ ಶ್ರೀಮತಿ ಉಮಾಬಾಯಿ ಕುಂದಾಪೂರ ಅವರ ವೃತ್ತಾಂತವನ್ನು ಶ್ರೀಮಠದ ಸದ್ಭಕ್ತರ ಎದುರಿಗೆ ಇಡಬೇಕೆಂಬದು ಈ ಲೇಖನದ ಉದ್ದೇಶವು. ಗದಗಿನಿಂದ ಹುಬ್ಬಳ್ಳಿಯು ಮೂವತ್ತಾರು ಮೈಲಿನ ರೇಲ್ವೆಯ ದಾರಿ. ಇಷ್ಟು ಸಮೀಪದಲ್ಲಿ ನಡೆದ ಸಂಗತಿಯು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇಷ್ಟು ದೂರದ್ದಾಗಿ ಉಳಿದಿರುವದು ವಿಷಾದದ ಮಾತು.

ವಿದ್ಯಾರ್ಥಿಗಳ ಪ್ರತಿಭಟನೆಯು ಅಸಹಕಾರ ಕಾಲದಲ್ಲಿ ಒಮ್ಮೆಲೆ ಹುಟ್ಟಿದ್ದಲ್ಲ. 1905ರಲ್ಲಿ ವಂಗವಿಭಜನೆಯಾದಾಗ ಬಂಗಾಲದ ವಿದ್ಯಾರ್ಥಿಗಳು ಬೀದಿಗೆ ಇಳಿದರು. ಅವರನ್ನು ತಡೆಯದ ಶಾಲೆಗಳಿಗೆ ಸಹಾಯಧನವನ್ನೂ ಶಿಷ್ಯವೇತನವನ್ನೂ ನಿಲ್ಲಿಸುವೆವೆಂದು ಸರಕಾರವು ಕಾರ್ಲೈಲ್ ಸುತ್ತೋಲೆಯ ಮೂಲಕ ಬೆದರಿಕೆ ಹಾಕಿತು. ಅದಕ್ಕೆ ಪ್ರತ್ಯುತ್ತರವಾಗಿ 1906ರಲ್ಲಿ ಅಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಹುಟ್ಟಿತು. ಅಂದಿನಿಂದ ಶಾಲೆಯೆಂಬದು ಯಾರದು, ಸರಕಾರದ್ದೋ ಜನರದ್ದೋ ಎಂಬ ವಾದವು ನಾಡಿನಲ್ಲಿ ನಿಂತಿತು. 1911ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ಮಂಡಿಸಿದ ಮಸೂದೆಯನ್ನು ಮರುವರುಷವೇ ತಳ್ಳಿಹಾಕಿದ ಸರಕಾರದ ಕೈಯಲ್ಲಿ ಶಾಲೆಯನ್ನು ಬಿಡುವದು ಸರಿಯೇ ಎಂದು ಜನರು ಕೇಳತೊಡಗಿದ್ದು ಸಹಜವಾಗಿದ್ದಿತು.

1920ರ ಸಪ್ಟೆಂಬರದಲ್ಲಿ ಕಲಕತ್ತೆಯ ವಿಶೇಷ ಅಧಿವೇಶನದಲ್ಲಿಯೂ ಡಿಸೆಂಬರದಲ್ಲಿ ನಾಗಪುರದಲ್ಲಿಯೂ ಕಾಂಗ್ರೆಸ್ಸು ಅಸಹಕಾರದ ಠರಾವನ್ನು ಅಂಗೀಕರಿಸಿತು. ಸರಕಾರದ, ಇಲ್ಲವೆ ಸರಕಾರದ ಸಹಾಯವನ್ನು ಪಡೆದ ಶಾಲೆಗಳಿಂದ ಮಕ್ಕಳನ್ನು ಹಿಂದೆಗೆಯಬೇಕು, ಅವುಗಳ ಸ್ಥಾನದಲ್ಲಿ ರಾಷ್ಟ್ರೀಯ ಶಾಲೆಗಳನ್ನು ಸ್ಥಾಪಿಸಬೇಕು ಎಂಬ ಎರಡು ಕಾರ್ಯಗಳು ಅದರಲ್ಲಿ ಕೂಡಿಯೇ ಇದ್ದವು. ಅದೇ ವರುಷದ ನವಂಬರದಲ್ಲಿ ಮಹಾತ್ಮಾ ಗಾಂಧಿಯವರು ಹುಬ್ಬಳ್ಳಿ ಧಾರವಾಡಗಳಿಗೆ ಬಂದುಹೋದ ಮೇಲೆ ಇಲ್ಲಿಯ ತರುಣರಲ್ಲಿಯೂ ಕಿಚ್ಚು ಹತ್ತಿತು. ಆಗ ಗದಗ ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಒಂದೇ ಮಾತನ್ನು ಆಡುವ, ಒಂದೇ ಜಾತ್ರೆಗೆ ಕೂಡುವ ಜನರು ಮೂರು ಸರಕಾರಗಳ ಶಾಲೆಗಳಿಗೆ ಹೋಗಬೇಕಾಗಿದ್ದಿತು. ಯಾವ ಸರಕಾರದ ಶಾಲೆಯನ್ನು ಬಿಡಬೇಕೆಂಬದು ಕೂಡ ಇಲ್ಲಿ ಊರಿಂದ ಊರಿಗೆ ಬೇರೆಯಾದ ಪ್ರಶ್ನೆಯೇ ಆಗಿದ್ದಿತು.

1922ರ ಫೆಬ್ರುವರಿಯಲ್ಲಿ ಚೌರಿಚೌರದ ಘಟನೆಯ ತರುವಾಯ ಮಹಾತ್ಮರು ಚಳವಳಿಯನ್ನು ನಿಲ್ಲಿಸಿದರು. ಹೊರಬಿದ್ದ ಹುಡುಗರಲ್ಲಿ ಬಹುಜನರು ತಿರುಗಿ ತಮ್ಮ ತಮ್ಮ ಶಾಲೆಗಳಿಗೆ ಹೋದರು. ಅವರನ್ನು ದೂಷಿಸುವದು ನ್ಯಾಯವಲ್ಲ. ಎರಡು ಹೊತ್ತಿನ ಊಟಕ್ಕೆ ತತ್ವಾರವಾದ ಮನೆಯ ಹುಡುಗನಿಗೆ ಪರೀಕ್ಷೆಯ ಪ್ರಮಾಣಪತ್ರವು ಬದುಕಿನ ಆಧಾರವಾಗಿದ್ದಿತು. ರಾಷ್ಟ್ರೀಯ ಶಾಲೆಯ ಪ್ರಮಾಣಪತ್ರವನ್ನು ಯಾವ ಕಚೇರಿಯೂ ಕೇಳುತ್ತಿರಲಿಲ್ಲ. ಉತ್ಸಾಹದಿಂದ ತೆರೆದ ರಾಷ್ಟ್ರೀಯ ಶಾಲೆಗಳಲ್ಲಿ ಅನೇಕವು ಬಾಡಿಗೆಗೆ ಹಣವಿಲ್ಲದೆ, ಗುರುಗಳಿಗೆ ವೇತನವಿಲ್ಲದೆ ಮುಚ್ಚಿದವು. ಠರಾವಿನ ಮೊದಲನೆಯ ಅರ್ಧವು ಎಷ್ಟು ಸುಲಭವಾಗಿದ್ದಿತೋ ಎರಡನೆಯ ಅರ್ಧವು ಅಷ್ಟೇ ಕಠಿಣವಾಗಿದ್ದಿತೆಂಬದು ಇದರಿಂದ ಗೊತ್ತಾಗುವದು. ಆ ಎರಡನೆಯ ಅರ್ಧವನ್ನು ಹಿಡಿದು ನಡೆಸಿದವರಲ್ಲಿ ಉಮಾಬಾಯಿಯವರು ಒಬ್ಬರು.

ಅವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತೌರಿನ ಹೆಸರು ಭವಾನಿ ಗೋಳಿಕೇರಿ. ಕುಟುಂಬವು ಮುಂಬಯಿಗೆ ಹೋಗಿ ನೆಲೆಸಿತು. ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ಸಂಜೀವರಾವ್ ಕುಂದಾಪೂರರೊಡನೆ ವಿವಾಹವಾಯಿತು. ಸಾಮಾನ್ಯವಾಗಿ ಹೆಣ್ಣುಮಗಳ ಓದು ಲಗ್ನದ ಚಪ್ಪರದಲ್ಲಿಯೇ ಮುಗಿಯುತ್ತಿದ್ದಿತು. ಇವರ ಓದಾದರೋ ಅಲ್ಲಿಂದ ಮುಂದುವರಿಯಿತು. ಮಾವನವರಾದ ಆನಂದರಾವ್ ಕುಂದಾಪೂರರು ಸ್ತ್ರೀಶಿಕ್ಷಣದಲ್ಲಿ ದೃಢವಾದ ನಂಬಿಗೆಯುಳ್ಳವರು. ಅವರು ಸೊಸೆಯನ್ನು ಓದಿಸಿ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸಿದರು. ಮುಂದೆ ಗಾಮದೇವಿಯ ಮಹಿಳಾ ಸಮಾಜದಲ್ಲಿ ಮಾವನೂ ಸೊಸೆಯೂ ಕೂಡಿ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಸೊಸೆಯ ಕೈಗೆ ಪುಸ್ತಕ ಕೊಟ್ಟ ಮಾವನ ಹೆಸರನ್ನು ಇತಿಹಾಸಕಾರರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಮನೆಯಲ್ಲಿ ಅತ್ತೆಮಾವಂದಿರು ಒಪ್ಪದ ಹೊರತು ಹೆಣ್ಣಿನ ವಿದ್ಯೆಯು ಹೊಸ್ತಿಲು ದಾಟುವದು ಎಷ್ಟು ದುರ್ಘಟವಾಗಿದ್ದಿತೆಂಬದನ್ನು ನಮ್ಮ ಹಿರಿಯ ತಾಯಂದಿರು ಬಲ್ಲರು.

1920ರ ಆಗಸ್ಟದಲ್ಲಿ ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅವರ ಅಂತ್ಯಯಾತ್ರೆಯಲ್ಲಿ ಕೂಡಿದ ಜನಸಾಗರವು ಉಮಾಬಾಯಿಯವರ ಬಾಳಿಗೆ ಹೊಸ ದಿಕ್ಕನ್ನು ತೋರಿತು. ದಂಪತಿಗಳಿಬ್ಬರೂ ಕಾಂಗ್ರೆಸ್ಸಿನ ಕಾರ್ಯಕ್ಕೆ ಇಳಿದರು. 1923ರಲ್ಲಿ ಸಂಜೀವರಾಯರು ಕ್ಷಯರೋಗದಿಂದ ತೀರಿಕೊಂಡಾಗ ಉಮಾಬಾಯಿಯವರಿಗೆ ಮೂವತ್ತೊಂದು ವರುಷ. ಮಗನನ್ನು ಕಳೆದುಕೊಂಡ ಆನಂದರಾಯರು ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ನೆಲೆಸಿದರು. ಅಲ್ಲಿ ಅವರು ಕರ್ನಾಟಕ ಪ್ರೆಸ್ಸನ್ನು ತೆರೆದರು. ತಿಲಕರ ಹೆಸರಿನಲ್ಲಿ ತಿಲಕ ಕನ್ಯಾಶಾಲೆಯೊಂದನ್ನು ಆರಂಭಿಸಿ ಅದರ ಭಾರವನ್ನು ಉಮಾಬಾಯಿಯವರಿಗೆ ಒಪ್ಪಿಸಿದರು. ಶಾಲೆಯ ಜೊತೆಗೆ ಪ್ರೌಢ ಸ್ತ್ರೀಯರಿಗಾಗಿ ಭಗಿನಿ ಮಂಡಳವು ಹುಟ್ಟಿಕೊಂಡಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ವಿಚಾರಿಸಬೇಕು. ಅದೇ ಕಾಲಕ್ಕೆ ನಮ್ಮ ಸಮಾಜದಲ್ಲಿ ವಿದ್ಯಾಪ್ರಸಾರದ ಮಹತ್ಕಾರ್ಯವು ನಡೆದೇ ಇದ್ದಿತು. 1883ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಕಟ್ಟಿದ್ದರು. 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿದರು. 1917ರಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು ಧಾರವಾಡದ ಮುರುಘಾಮಠದಲ್ಲಿ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ತೆರೆದರು. ಮಠದ ಜೋಳಿಗೆಯು ಹಳ್ಳಿಯಿಂದ ಹಳ್ಳಿಗೆ ಹೋಗಿ ಕಾಳು ಕೂಡಿಸಿ ಬಡವರ ಮಕ್ಕಳನ್ನು ವಿದ್ಯಾವಂತರನ್ನಾಗಿ ಮಾಡಿತು. ಈ ಉಪಕಾರವನ್ನು ನಾಡು ಎಂದಿಗೂ ಮರೆಯಲಾರದು. ಆದರೂ ಸತ್ಯವನ್ನು ಮುಚ್ಚಬಾರದು. ಆ ಪಂಕ್ತಿಗಳಲ್ಲಿ ಕುಳಿತು ಉಂಡು ಓದಿದವರು ಗಂಡುಹುಡುಗರು. ಮೂವತ್ತಕ್ಕೂ ಮಿಕ್ಕಿ ವಚನಕಾರ್ತಿಯರು ಮಾತು ಕಲಿತ ಪರಂಪರೆಯಲ್ಲಿ, ಅಕ್ಕಮಹಾದೇವಿಯನ್ನು ನಿತ್ಯವೂ ನೆನೆಯುವ ಮನೆಗಳಲ್ಲಿ, ಮಗಳ ಕೈಗೆ ಪಾಟಿ ಬಳಪ ಬರುವದಕ್ಕೆ ಇನ್ನೂ ಬಹುಕಾಲ ಹಿಡಿಯಿತು. ಆ ಕೊರತೆಯ ನಡುವೆಯೇ ಕನ್ಯಾಶಾಲೆಯೊಂದನ್ನು, ಅದೂ ಸರಕಾರದ ಕಾಸಿಲ್ಲದೆ, ಒಬ್ಬ ತರುಣ ವಿಧವೆಯು ನಡೆಸುತ್ತಿದ್ದಳೆಂಬದರ ತೂಕವನ್ನು ನಾವು ಅರಿಯಬೇಕು. ವಿಧವೆಯ ಮುಖದರ್ಶನವನ್ನೇ ಅಪಶಕುನವೆನ್ನುತ್ತಿದ್ದ ದಿನಗಳಲ್ಲಿ ತಾಯಂದಿರು ತಮ್ಮ ಮಕ್ಕಳನ್ನು ಅವರ ವಶಕ್ಕೆ ಕೊಟ್ಟರು.

ಡಾಕ್ಟರ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನೀ ಸೇವಾದಳವನ್ನು ಕಟ್ಟಿದಾಗ ಹುಬ್ಬಳ್ಳಿಯು ಅದರ ಕೇಂದ್ರವಾಯಿತು. ಅದರ ಮಹಿಳಾ ಶಾಖೆಯ ನೇತೃತ್ವವು ಉಮಾಬಾಯಿಯವರಿಗೆ ಬಂದಿತು. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡುವದೆಂದು ಗೊತ್ತಾದಾಗ, ಅವರು ನಾಡನ್ನೆಲ್ಲ ಸುತ್ತಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಿಕೆಯರನ್ನು ಕೂಡಿಸಿದರು. ನೂರೈವತ್ತು ಎಂಬ ಸಂಖ್ಯೆಯು ಇಂದು ನಮಗೆ ಅಲ್ಪವಾಗಿ ತೋರಬಹುದು. ಅಂದು ಒಬ್ಬೊಬ್ಬಳನ್ನು ಹೊರಡಿಸಬೇಕಾದರೆ ಅತ್ತೆ, ಮಾವ, ಗಂಡ, ಮೈದುನ ಇಷ್ಟು ಜನರ ಒಪ್ಪಿಗೆಯನ್ನು ಪಡೆಯಬೇಕಾಗಿದ್ದಿತು. ಪರಸ್ಥಳದಲ್ಲಿ ರಾತ್ರಿ ತಂಗುವದೆಂದರೆ ಮನೆತನದ ಮರ್ಯಾದೆಯ ಪ್ರಶ್ನೆಯಾಗಿದ್ದಿತು. ಬಂದವರಲ್ಲಿ ವಿಧವೆಯರೂ ಇದ್ದರು. ಮನೆಯ ಮೂಲೆಯಲ್ಲಿ ಕಾಲ ಕಳೆಯಬೇಕಾಗಿದ್ದವರು ಸೇವಾದಳದ ಶಿಸ್ತನ್ನು ಕಲಿತು, ದೇಶದ ನಾನಾ ಪ್ರಾಂತಗಳಿಂದ ಬಂದ ಪ್ರತಿನಿಧಿಗಳ ಸೇವೆಗೆ ನಿಂತರು.

ಆ ಅಧಿವೇಶನದಲ್ಲಿ ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತೆಯು ಮೊಳಗಿತೆಂಬದು ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಅರಿಯದ ಇನ್ನೊಂದು ಸಂಗತಿಯುಂಟು. ಸ್ವಾಗತಗೀತೆಯನ್ನು ಹಾಡಿದ ಎಳೆಯ ಬಾಲಕಿಯರಲ್ಲಿ ಮುಂದೆ ಜಗತ್ಪ್ರಸಿದ್ಧರಾದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಆಗ ಅವರಿಗೆ ಹನ್ನೊಂದು ವರುಷ. ಹಾಡು ಮುಗಿದ ಮೇಲೆ ತಮ್ಮ ಜಾತಿಯ ಕಾರಣದಿಂದ ಉಂಡವರ ಎಲೆಗಳನ್ನು ತೆಗೆಯಲು ಹೇಳಿಯಾರೋ ಎಂದು ಒಳಗೊಳಗೆ ಹೆದರಿದ್ದೆನೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸ್ವರಾಜ್ಯದ ಪೆಂಡಾಲಿನಲ್ಲಿ ನಿಂತ ಶಾಲಾಬಾಲಿಕೆಯ ಎದೆಯಲ್ಲಿ ಇಂಥ ಭಯವಿದ್ದಿತೆಂದ ಮೇಲೆ, ಎಲ್ಲ ಜಾತಿಯ ಹುಡುಗಿಯರು ಒಂದೇ ಚಾಪೆಯ ಮೇಲೆ ಕೂಡುವ ಶಾಲೆಯನ್ನು ಕಟ್ಟುವದು ಸ್ವರಾಜ್ಯದಷ್ಟೇ ಕಠಿಣವಾದ ಕೆಲಸವಾಗಿದ್ದಿತೆಂದು ನನಗೆ ತೋರುವದು. ಹುಬ್ಬಳ್ಳಿಯಲ್ಲಿಯೇ ಹರಿಜನ ಬಾಲಿಕಾಶ್ರಮವನ್ನು ನಡೆಸಿದ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿಗಳು ಆ ಕೆಲಸದ ಅತ್ಯಂತ ಮುಳ್ಳಿನ ಭಾಗಕ್ಕೆ ಕೈಹಾಕಿದರು. ಅವರ ಚರಿತ್ರೆಯು ಪ್ರತ್ಯೇಕವಾದ ಲೇಖನಕ್ಕೆ ತಕ್ಕುದು.

ಇಷ್ಟರಲ್ಲಿ ದೇಶದ ಇತರ ಭಾಗಗಳಲ್ಲಿಯೂ ಹೆಣ್ಣುಮಕ್ಕಳ ಧ್ವನಿಯು ಏಳತೊಡಗಿತು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಮೊದಲು ಕೂಡಿದ್ದೇ ಶಿಕ್ಷಣ ಸುಧಾರಣೆಯ ವಿಚಾರಕ್ಕಾಗಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಕಾರ್ಯಭಾರವನ್ನು ಹೊತ್ತವರಲ್ಲಿ ಮುಂಚೂಣಿಯಲ್ಲಿದ್ದರು. 1928ರಲ್ಲಿ ಕಲಕತ್ತೆಯ ಕಾಲೇಜು ವಿದ್ಯಾರ್ಥಿನಿಯರು ಛಾತ್ರೀ ಸಂಘವೆಂಬ ತಮ್ಮದೇ ಸಂಘವನ್ನು ಕಟ್ಟಿದರು. ಗಂಡುವಿದ್ಯಾರ್ಥಿಗಳ ಮೆರವಣಿಗೆಯ ಹಿಂದೆ ನಡೆಯುವದಷ್ಟೇ ತಮ್ಮ ಪಾಲಲ್ಲವೆಂದು ಅವರು ತೋರಿಸಿಕೊಟ್ಟರು.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ಆರಂಭವಾಯಿತು. ಸೇವಾದಳದಲ್ಲಿ ತರಬೇತಿಯಾದ ಹೆಂಗಸರು ಈಗ ಪ್ರಭಾತಫೇರಿಗೂ ಪಿಕೆಟಿಂಗಿಗೂ ಮುಂದಾದರು. 1932ರಲ್ಲಿ ಸರಕಾರದ ದಮನವು ಉಗ್ರರೂಪವನ್ನು ತಾಳಿತು. ಉಮಾಬಾಯಿಯವರನ್ನು ಹಿಡಿದು ಯರವಡಾ ಕಾರಾಗೃಹದಲ್ಲಿ ನಾಲ್ಕು ತಿಂಗಳು ಇಟ್ಟರು. ಅಲ್ಲಿ ಸರೋಜಿನಿ ನಾಯಡು ಅವರ ಸಹವಾಸ ದೊರೆಯಿತು. ಆದರೆ ಸೆರೆಯಲ್ಲಿರುವಾಗಲೇ ಆನಂದರಾಯರು ತೀರಿಕೊಂಡ ಸುದ್ದಿಯು ಬಂದಿತು. ಅವರಿಗೆ ವಿದ್ಯೆಯನ್ನು ಕೊಟ್ಟು ಶಾಲೆಯ ಭಾರವನ್ನು ಒಪ್ಪಿಸಿದ ಹಿರಿಯರ ಕೊನೆಯ ದರ್ಶನವೂ ಅವರಿಗೆ ಆಗಲಿಲ್ಲ.

ಬಿಡುಗಡೆಯಾಗಿ ಹುಬ್ಬಳ್ಳಿಗೆ ಬಂದಾಗ ಕರ್ನಾಟಕ ಪ್ರೆಸ್ಸು ಜಪ್ತಿಯಾಗಿದ್ದಿತು. ತಿಲಕ ಕನ್ಯಾಶಾಲೆಗೆ ಸರಕಾರದ ಮುದ್ರೆ ಬಿದ್ದಿದ್ದಿತು. ಭಗಿನಿ ಮಂಡಳವು ಕಾಯದೆಗೆ ವಿರುದ್ಧವಾದ ಸಂಸ್ಥೆಯೆಂದು ಸಾರಲ್ಪಟ್ಟಿದ್ದಿತು.

ಸದ್ಭಕ್ತರು ಇದನ್ನು ಗಮನಿಸಬೇಕು. ಹನ್ನೆರಡು ವರುಷಗಳ ಹಿಂದೆ ಸರಕಾರದ ಶಾಲೆಗಳನ್ನು ಬಿಟ್ಟುಬಂದ ಹುಡುಗರಿಂದ ಸರಕಾರಕ್ಕೆ ಉಂಟಾದ ತೊಂದರೆಯು ಕೆಲವು ತಿಂಗಳುಗಳದ್ದು. ಅವರು ತಿರುಗಿ ಬಂದ ಕೂಡಲೆ ಅದು ತೀರಿತು. ಹುಡುಗಿಯರಿಗೆ ಅಕ್ಷರ ಕಲಿಸುವ ಒಂದು ಚಿಕ್ಕ ಮನೆಗೆ ಬೀಗ ಹಾಕುವ ಅವಶ್ಯಕತೆಯು ಅದೇ ಸರಕಾರಕ್ಕೆ ತೋರಿತು. ಯಾವದು ನಿಜವಾದ ಪ್ರತಿಭಟನೆಯಾಗಿದ್ದಿತೆಂಬದನ್ನು ಇತಿಹಾಸಕಾರರಿಗಿಂತ ಮೊದಲು ಜಿಲ್ಲೆಯ ಅಧಿಕಾರಿಗಳೇ ಅರಿತುಕೊಂಡಿದ್ದರೆಂದು ಹೇಳಬೇಕಾಗುವದು. ಸಾರ್ವಜನಿಕ ಶಿಕ್ಷಣವನ್ನು ಕೇಳುವ ಚಳವಳಿಯಲ್ಲಿ ಶಾಲೆಯನ್ನು ನಡೆಸುವದೇ ಒಂದು ಹೋರಾಟದ ರೀತಿಯೆಂಬ ಮಾತನ್ನು ನಾವು ಒಪ್ಪಿದರೆ, ಆ ಚಳವಳಿಯ ನಾಯಕರ ಯಾದಿಯಲ್ಲಿ ಈ ತಾಯಂದಿರ ಹೆಸರು ಮೇಲಕ್ಕೆ ಏರಲೇಬೇಕು.

ಬೀಗ ಬಿದ್ದ ಮೇಲೆ ಅವರ ಚಿಕ್ಕ ಮನೆಯೇ ಆಶ್ರಯಸ್ಥಾನವಾಯಿತು. ಸೆರೆಯಿಂದ ಬಿಡುಗಡೆಯಾಗಿ ಬಂದ ಎಷ್ಟೋ ಸ್ತ್ರೀಯರಿಗೆ ತಿರುಗಿ ಹೋಗಲು ಮನೆಯಿರುತ್ತಿರಲಿಲ್ಲ. ಜೈಲು ಕಂಡ ಸೊಸೆಯನ್ನು ಒಳಗೆ ಕರೆಯಲು ಹಿರಿಯರು ಅಂಜುತ್ತಿದ್ದರು. ಅಂಥವರಿಗೆ ಅಲ್ಲಿ ಅನ್ನವೂ ನೆರಳೂ ದೊರೆತವು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಉಮಾಬಾಯಿಯವರು ಸ್ವಯಂಸೇವಕರೊಡನೆ ಅಲ್ಲಿಗೆ ಹೋಗಿ ಸಂತ್ರಸ್ತರ ಸೇವೆ ಮಾಡಿದರು. ತಮ್ಮ ಶಾಲೆಯನ್ನೇ ಕಳೆದುಕೊಂಡವರು ಪರಪ್ರಾಂತದ ನಿರ್ಗತಿಕರ ಕಡೆಗೆ ಹೊರಟ ಈ ನಡತೆಗೆ ನಾನು ಬೇರೆ ವ್ಯಾಖ್ಯಾನವನ್ನು ಬರೆಯಲಾರೆ.

1942ರ ಚಲೇಜಾವ್ ಚಳವಳಿಯಲ್ಲಿ ಉತ್ತರ ಕರ್ನಾಟಕದ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಬಂದರು. ಈ ಸಲ ಬೀದಿಗೆ ಬಂದವರಲ್ಲಿ ಹುಡುಗಿಯರೂ ಇದ್ದರು. ಇದು 1920ರಲ್ಲಿ ಕಾಣದಿದ್ದ ದೃಶ್ಯವು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿಯೆಂಬ ಎಳೆಯ ಬಾಲಕನು ಗುಂಡಿಗೆ ಬಲಿಯಾದನು. ಧಾರವಾಡದಲ್ಲಿ ವಿದ್ಯಾರ್ಥಿನಿಯರಿಬ್ಬರು ಜಿಲ್ಲಾ ನ್ಯಾಯಾಲಯದ ಒಳಗೆ ನಡೆದುಹೋಗಿ ಅಲ್ಲಿ ರಾಷ್ಟ್ರಧ್ವಜವನ್ನು ಏರಿಸಿದರು. ಎರಡು ದಶಕಗಳ ಹಿಂದೆ ಬಿಡಲು ಶಾಲೆಯೇ ಇಲ್ಲದಿದ್ದ ಹೆಣ್ಣುಮಕ್ಕಳ ಮಕ್ಕಳು ಈಗ ಶಾಲೆ ಕಾಲೇಜುಗಳಿಂದ ಹೊರಬರುವಷ್ಟರ ಮಟ್ಟಿಗೆ ಶಾಲೆಯ ಒಳಗೆ ಸೇರಿದ್ದರು. ಆರೋಗ್ಯವು ಕೆಟ್ಟಿದ್ದ ಉಮಾಬಾಯಿಯವರು ಮೆರವಣಿಗೆಯಲ್ಲಿ ನಡೆಯಲಾರದೆ ಹೋದರೂ, ಭೂಗತರಾಗಿ ಕೆಲಸ ಮಾಡುವವರಿಗೆ ಅವರ ಮನೆಯ ಬಾಗಿಲು ತೆರೆದೇ ಇದ್ದಿತು.

ಇಂಥ ಹೆಂಗಸರು ಅವರೊಬ್ಬರೇ ಅಲ್ಲ. ಶಿಗ್ಗಾಂವಿ ತಾಲೂಕಿನ ದುಂಡಶಿಯಲ್ಲಿ 1903ರಲ್ಲಿ ಹುಟ್ಟಿದ ಬಳ್ಳಾರಿ ಸಿದ್ದಮ್ಮನವರು 1938ರಲ್ಲಿ ಶಿವಪುರದ ಧ್ವಜಸತ್ಯಾಗ್ರಹದಲ್ಲಿ ಭಾಗವಹಿಸಿ ಮೈಸೂರು ಸಂಸ್ಥಾನದ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಬಳಿಕ ದಾವಣಗೆರೆಯ ಕಡೆ ಹೆಂಗಸರ ಮತ್ತು ಮಕ್ಕಳ ಏಳಿಗೆಗಾಗಿ ಸಂಸ್ಥೆಯನ್ನು ನಡೆಸಿದರು. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಬಾಲ್ಯದ ಶಾಲೆಯು ಮರಾಠಿಯದು. ಮನೆಮಾತಾದ ಕನ್ನಡವನ್ನು ಓದಿ ಬರೆಯಲು ಅವರು ತಾವಾಗಿಯೇ ಕಲಿಯಬೇಕಾಯಿತು. ಆ ಕೊರಗನ್ನು ಅವರು ಕಾರ್ಯರೂಪಕ್ಕೆ ತಂದು ಗಡಿಯ ಆ ನಗರದಲ್ಲಿ ಕನ್ನಡ ಶಾಲೆಗಳನ್ನು ತೆರೆದರು. 1956ರಲ್ಲಿ ಪ್ರಾಂತಗಳ ಪುನರ್ರಚನೆಯಾದಾಗ ಸೊಲ್ಲಾಪುರವು ಹೊರಗೆ ಉಳಿಯಿತು. 1974ರಲ್ಲಿ ಮಂಡ್ಯದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲನೆಯ ಮಹಿಳೆ ಅವರೇ. ಮಾತೃಭಾಷೆಯ ಶಾಲೆಗಾಗಿ ಹೋರಾಡುವದು ಸಾರ್ವಜನಿಕ ಶಿಕ್ಷಣದ ಹೋರಾಟವಲ್ಲವೆಂದು ಯಾರು ಹೇಳಿಯಾರು? ಲಕ್ಷ್ಮೇಶ್ವರ ಶಿರಹಟ್ಟಿಗಳಂತೆ ಬೇರೊಂದು ಸರಕಾರದ ಕೆಳಗೆ ಬಾಳಿದ ಊರುಗಳ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1944ರಲ್ಲಿ ಕಸ್ತೂರಬಾ ಅವರು ಬಂಧನದಲ್ಲಿಯೇ ತೀರಿಕೊಂಡ ಮೇಲೆ ಅವರ ಸ್ಮರಣಾರ್ಥವಾಗಿ ಗ್ರಾಮೀಣ ಸ್ತ್ರೀಯರ ಮತ್ತು ಮಕ್ಕಳ ಸೇವೆಗೆಂದು ನಿಧಿಯು ಕೂಡಿತು. 1946ರಲ್ಲಿ ಮಹಾತ್ಮರು ಆ ಟ್ರಸ್ಟಿನ ಕರ್ನಾಟಕ ಶಾಖೆಯ ಭಾರವನ್ನು ಉಮಾಬಾಯಿಯವರಿಗೆ ವಹಿಸಿದರು. ಹಳ್ಳಿಯ ಹೆಂಗಸರನ್ನು ಆರಿಸಿ ತಂದು, ಅವರನ್ನು ಗ್ರಾಮಸೇವಿಕೆಯರನ್ನಾಗಿ ತಯಾರು ಮಾಡಿ ತಿರುಗಿ ಹಳ್ಳಿಗಳಿಗೆ ಕಳಿಸುವದು ಅವರ ಕೆಲಸವಾಯಿತು. ಸರಕಾರವು ಬೀಗ ಹಾಕಿದ ಶಾಲೆಯ ಶಿಕ್ಷಕಿಗೆ ಈಗ ಕರ್ನಾಟಕದ ಹಳ್ಳಿಗಳೇ ಶಾಲೆಯಾದವು.

ಮರುವರುಷವೇ, 1947ರಲ್ಲಿ, ಮುಂಬಯಿ ಸರಕಾರವು ಪ್ರಾಥಮಿಕ ಶಿಕ್ಷಣದ ಹೊಸ ಕಾಯದೆಯನ್ನು ಮಾಡಿತು. ಗೋಖಲೆಯವರು 1911ರಲ್ಲಿ ಕೇಳಿದ್ದು ದೇಶದ ಪ್ರತಿಯೊಂದು ಮಗುವಿನ ಹಕ್ಕಾಗಿ ಕಾಯದೆಯ ಪುಸ್ತಕದಲ್ಲಿ ಬರೆಯಲ್ಪಡುವದಕ್ಕೆ 2009ನೆಯ ಇಸವಿಯು ಬರಬೇಕಾಯಿತು. ತೊಂಬತ್ತೆಂಟು ವರುಷಗಳ ಈ ವಿಳಂಬವನ್ನು ಯಾವ ಒಂದು ಪಕ್ಷದ, ಯಾವ ಒಬ್ಬ ಆಳರಸನ ಮೇಲೆ ಹೊರಿಸಬೇಕೆಂಬದು ರಾಜಕಾರಣಿಗಳ ಚರ್ಚೆಯು. ಆ ವಿಳಂಬದಲ್ಲಿ ಓದದೆಯೇ ಮುದುಕಿಯರಾದ ಅಜ್ಜಿಯಂದಿರು ನಮ್ಮ ನಮ್ಮ ಮನೆಗಳಲ್ಲಿ ಇದ್ದರೆಂಬದು ಮಾತ್ರ ನಿಶ್ಚಯ.

ಸ್ವಾತಂತ್ರ್ಯಾನಂತರ ಉಮಾಬಾಯಿಯವರನ್ನು ಹುದ್ದೆಗಳು ಹುಡುಕಿಕೊಂಡು ಬಂದವು. ಅವರು ಒಲ್ಲೆನೆಂದರು. ಸ್ವಾತಂತ್ರ್ಯಯೋಧರಿಗೆ ಕೊಡುವ ಪಿಂಚಣಿಯನ್ನೂ ತಾಮ್ರಪತ್ರವನ್ನೂ ಮುಟ್ಟಲಿಲ್ಲ. ಮಾವನವರ ನೆನಪಿಗಾಗಿ ಆನಂದಸ್ಮೃತಿಯೆಂದು ಹೆಸರಿಟ್ಟ ಹುಬ್ಬಳ್ಳಿಯ ಚಿಕ್ಕ ಮನೆಯಲ್ಲಿ ಬಾಳಿ 1992ರಲ್ಲಿ ಲೀನರಾದರು.

ಗದಗ ಜಿಲ್ಲೆಯು 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಸಂಸ್ಥಾನಗಳ ಗಡಿಗಳು ಅಳಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಒಂದೇ ಜಿಲ್ಲೆಯ ಮಕ್ಕಳಾದವು. 2016ರಲ್ಲಿ ಇಲ್ಲಿಯೇ ಮಹಾತ್ಮರ ಹೆಸರಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತರಾಜ್ ವಿಶ್ವವಿದ್ಯಾಲಯವು ಹುಟ್ಟಿತು; ಉಮಾಬಾಯಿಯವರು ಗ್ರಾಮಸೇವಿಕೆಯರಿಗೆ ಕಲಿಸಿದ ವಿಷಯಗಳನ್ನು ಅಲ್ಲಿ ಹೆಣ್ಣುಮಕ್ಕಳು ಪದವಿಗಾಗಿ ಓದುತ್ತಿದ್ದಾರೆ. ಅದೇ ಜಿಲ್ಲೆಯ ತಾಲೂಕುಗಳಲ್ಲಿ ಈಚಿನ ವರುಷಗಳಲ್ಲಿ ಹಳ್ಳಿಯ ವಿದ್ಯಾರ್ಥಿನಿಯರು ಪುಸ್ತಕದ ಚೀಲಗಳನ್ನು ಮಡಿಲಲ್ಲಿ ಇಟ್ಟುಕೊಂಡು ರಸ್ತೆಯ ನಡುವೆ ಕುಳಿತ ಪ್ರಸಂಗಗಳು ಒದಗಿವೆ. ದಾರಿಹೋಕರಲ್ಲಿ ಕೆಲವರು ಇದನ್ನು ಉದ್ಧಟತನವೆಂದು ಗೊಣಗುವದುಂಟು. ಗೊಣಗುವವರು ಅವರ ಬೇಡಿಕೆಯನ್ನು ಕೇಳಿ ನೋಡಬೇಕು. ಮೊದಲನೆಯ ಪಾಠದ ಗಂಟೆ ಬಾರಿಸುವ ಮುಂಚೆ ತಮ್ಮನ್ನು ತಾಲೂಕಿನ ಊರಿಗೆ ಮುಟ್ಟಿಸುವ, ಸಂಜೆ ಕತ್ತಲಾಗುವ ಮುಂಚೆ ತಿರುಗಿ ಹಳ್ಳಿಗೆ ತಂದುಬಿಡುವ ಒಂದು ಬಸ್ಸನ್ನು ಅವರು ಕೇಳುತ್ತಿದ್ದಾರೆ.